ಐಬೆಕ್ಸ್ ಹುಡುಕಿ ಹೊರಡುವ ಧಾರವಾಡ ಸೀಮೆಯವರಿಗೆ

ಐಬೆಕ್ಸ್ ಅಂದರೆ ಬಂಡೆಗಾಡಿನ ಕಾಡು ಆಡು. ಹೋತಕ್ಕೆ ಬೆನ್ನಿನ ಮೇಲೆ ಕುಡಗೋಲಿನಂತೆ ಬಾಗಿದ ಕೊಂಬು, ಕೊಂಬಿನ ಮುಂಬದಿಗೆ ದಪ್ಪ ಗಂಟುಗಳು, ಉದ್ದನೆಯ ಗಡ್ಡ. ಭಾರತದಲ್ಲಿ ಇದನ್ನು ನೋಡಬೇಕಾದರೆ ಹಿಮಾಲಯಕ್ಕೇ, ಹೆಚ್ಚಾಗಿ ಸ್ಪಿತಿ, ಲಾಹೌಲ್, ಲಡಾಖ್ ಕಡೆಗೆ ಹೋಗಬೇಕು. ಅಷ್ಟು ದೂರ ಹೋಗಿಯೂ ಬರಿಗೈಲಿ ಬರುವವರಿದ್ದಾರೆ. ಅದಕ್ಕೆ ಹೆಚ್ಚಾಗಿ ಎರಡೇ ಕಾರಣ: ಎದುರು ಗುಡ್ಡದಲ್ಲಿ ನಿಂತ ಪ್ರಾಣಿಯನ್ನು ಗುರುತಿಸಲು ಕಣ್ಣು ಪಳಗಿರುವುದಿಲ್ಲ, ಇಲ್ಲವೇ ಎತ್ತರದ ತಲೆನೋವಿನಿಂದ ಕೋಣೆ ಬಿಟ್ಟು ಏಳಲಾಗಿರುವುದಿಲ್ಲ. ಕಣ್ಣು ಮತ್ತು ಕಾಲನ್ನು ಟಿಕೆಟ್ ತೆಗೆಸುವ ಮೊದಲೇ, ಗದಗ-ಹಾವೇರಿಯ ಗುಡ್ಡ-ಬಯಲಿನಲ್ಲೇ ಪಳಗಿಸಬಹುದು. ಎತ್ತರಕ್ಕೆ ಮಾತ್ರ ದಾರಿಯಲ್ಲೇ ಹೊಂದಿಕೊಳ್ಳಬೇಕು.

ಮೊದಲು ಕಾನೂನಿನ ಮಾತು

ಹಿಮಾಲಯದ ಐಬೆಕ್ಸ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಕಾಯ್ದೆಯ ಪ್ರಕಾರ ಬೇಟೆ ಅಂದರೆ ಗುಂಡು ಹಾರಿಸುವುದಷ್ಟೇ ಅಲ್ಲ. ಬಲೆ ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಇಡುವುದು, ದೇಹದ ಭಾಗ ಕಿತ್ತುಕೊಳ್ಳುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಫೋಟೋಕ್ಕೆಂದು ಹಿಂಡನ್ನು ಓಡಿಸುವುದೂ ತಪ್ಪು, ದಾರಿಯಲ್ಲಿ ಬಿದ್ದ ಹಳೆಯ ಕೊಂಬನ್ನು ಚೀಲಕ್ಕೆ ಹಾಕಿಕೊಳ್ಳುವುದೂ ತಪ್ಪು. ಸ್ಪಿತಿ-ಲಡಾಖಿನಲ್ಲಿ ಊರ ದೇವರ ಕಲ್ಲುಗುಪ್ಪೆಗಳ ಮೇಲೆ ಐಬೆಕ್ಸ್ ಕೊಂಬು ಇಟ್ಟಿರುತ್ತಾರೆ. ಅವು ದೇವರದ್ದು, ಮುಟ್ಟಬೇಡಿ.

ಪರವಾನಗಿ ಪಡೆದು ಐಬೆಕ್ಸ್ ಬೇಟೆಯಾಡುವ ದೇಶಗಳಿವೆ: ಸ್ಪೇನ್, ಕಿರ್ಗಿಸ್ತಾನ್, ತಜಕಿಸ್ತಾನ್, ಮಂಗೋಲಿಯಾ, ಪಾಕಿಸ್ತಾನ. ಪಾಕಿಸ್ತಾನದ ಗಿಲ್ಗಿಟ್-ಬಾಲ್ಟಿಸ್ತಾನ್ ಕಡೆ ಪರವಾನಗಿ ಶುಲ್ಕದಲ್ಲಿ ನೂರಕ್ಕೆ 80 ಪಾಲು ಆಯಾ ಊರಿನವರಿಗೆ ಹೋಗುತ್ತದೆ. ಶಿಕಾರಿಯವರು ತಲೆಮಾರುಗಳಿಂದ ಕಲಿತ ವಿದ್ಯೆ, ಅಂದರೆ ಗುಡ್ಡ ಓದುವುದು, ಗಾಳಿ ನೋಡುವುದು, ಕೊಂಬಿನಿಂದ ವಯಸ್ಸು ಹೇಳುವುದು, ದುರ್ಬೀನು ಹಿಡಿದವರಿಗೂ ಅಷ್ಟೇ ಬೇಕು. ಮುಂದೆ ಹೇಳುವುದೆಲ್ಲ ಅದನ್ನೇ.

ಯಾವ ಸೀಮೆಯ ಐಬೆಕ್ಸ್ ಹೇಗಿರುತ್ತದೆ

ನಮಗೆ ಕಾಣುವುದು ಸೈಬೀರಿಯನ್ ಅಥವಾ ಏಷ್ಯಾದ ಐಬೆಕ್ಸ್. ಐಬೆಕ್ಸುಗಳಲ್ಲೆಲ್ಲ ದೊಡ್ಡದು ಇದೇ. ಬಲಿತ ಹೋತದ ಕೊಂಬು 1 ಮೀಟರ್ ದಾಟುತ್ತದೆ. ಬೇಟೆಗಾರರು ಇದನ್ನೇ ಸೀಮೆವಾರು ವಿಂಗಡಿಸುತ್ತಾರೆ. ಅಲ್ಟಾಯ್ ಬೆಟ್ಟದ್ದು ಒಂದು. ಗೋಬಿ ಮರುಭೂಮಿಯ ಒಣಬಂಡೆಗಳಲ್ಲಿರುವುದು ಇನ್ನೊಂದು, ಅದರ ಮೈ-ಕೊಂಬು ಎರಡೂ ಸಣ್ಣ. ತಿಯಾನ್‌ಶಾನ್, ಪಾಮಿರ್ ಕಡೆಯದನ್ನು ಮಧ್ಯ ಏಷ್ಯಾದ್ದು ಎನ್ನುತ್ತಾರೆ, ಅತಿ ಉದ್ದದ ಕೊಂಬುಗಳು ಅಲ್ಲಿಯವು. ಕೊನೆಯದು ನಮ್ಮ ಹಿಮಾಲಯದ್ದು. ಚಳಿಗಾಲದಲ್ಲಿ ಹಿಮಾಲಯದ ಬಲಿತ ಹೋತದ ಮೈ ಗಾಢ ಕಂದಾಗಿ, ಬೆನ್ನ ಮೇಲೆ ಮಾಸಲು ಬಿಳಿ ಪಟ್ಟೆ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಎಲ್ಲವೂ ಮಣ್ಣಿನ ಬಣ್ಣ. ಲಡಾಖಿನಲ್ಲಿ ಹೋತಕ್ಕೆ ಸ್ಕಿನ್, ಹೆಣ್ಣಿಗೆ ದನ್ಮೋ ಎನ್ನುತ್ತಾರೆ. ಗೈಡ್ ಜೊತೆ ಮಾತಾಡುವಾಗ ಈ ಎರಡು ಪದ ಉಪಯೋಗಕ್ಕೆ ಬರುತ್ತವೆ.

ಆಲ್ಪ್ಸ್ ಪರ್ವತದ ಐಬೆಕ್ಸ್ 19ನೇ ಶತಮಾನದ ಆರಂಭಕ್ಕೆ ಇಟಲಿಯ ಗ್ರಾನ್ ಪಾರಾದಿಸೊ ಬೆಟ್ಟಗಳಲ್ಲಿ ಸುಮಾರು ನೂರು ಮಾತ್ರ ಉಳಿದಿತ್ತು. 1856ರಲ್ಲಿ ಆ ಬೆಟ್ಟಸೀಮೆ ರಾಜನ ಮೀಸಲು ಬೇಟೆಕಾಡಾಯಿತು, 1922ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಆಲ್ಪ್ಸಿನಲ್ಲಿರುವ ಸಾವಿರಾರು ಐಬೆಕ್ಸುಗಳೆಲ್ಲ ಆ ಹಿಂಡಿನ ಸಂತಾನ. ಸ್ಪೇನಿನ ಐಬೆಕ್ಸ್ ಕೊಂಬು ಬೇರೆ ತರಹ: ಹೊರಕ್ಕೆ, ಮೇಲಕ್ಕೆ ಹೋಗಿ ತುದಿಯಲ್ಲಿ ಮತ್ತೆ ಒಳಕ್ಕೆ ತಿರುಗುತ್ತದೆ, ಗಂಟುಗಳು ಅಷ್ಟು ದಪ್ಪವಿಲ್ಲ. ಅಲ್ಲಿಯ ಬೇಟೆಗಾರರು ಗ್ರೆಡೋಸ್, ಬೆಸೆಯ್ಟೆ, ರೊಂಡಾ, ಸಿಯೆರಾ ನೆವಾಡಾ ಎಂದು ನಾಲ್ಕು ಬಗೆ ಹೇಳುತ್ತಾರೆ. ಪಿರನೀಸ್ ಬೆಟ್ಟದ ಬಗೆ ಮಾತ್ರ 2000ದ ಜನವರಿಯಲ್ಲಿ ಕೊನೆಯ ಹೆಣ್ಣು ಸತ್ತು ಅಳಿದುಹೋಯಿತು. 2003ರಲ್ಲಿ ಅದರ ಜೀವಕೋಶದಿಂದ ತದ್ರೂಪಿ ಮರಿ ಹುಟ್ಟಿಸಿದರು, ಅದು ಕೆಲವೇ ನಿಮಿಷ ಬದುಕಿತು.

ಅರೇಬಿಯಾ, ಜೋರ್ಡಾನ್, ಇಸ್ರೇಲ್, ಈಜಿಪ್ಟಿನ ಒಣಬೆಟ್ಟಗಳಲ್ಲಿ ನೂಬಿಯನ್ ಐಬೆಕ್ಸ್ ಇದೆ, ಮೈಯಲ್ಲಿ ಚಿಕ್ಕದು. ಇಥಿಯೋಪಿಯಾದ ಸಿಮಿಯೆನ್ ಬೆಟ್ಟದಲ್ಲಿ ಮಾತ್ರ ವಾಲಿಯಾ ಐಬೆಕ್ಸ್ ಉಳಿದಿದೆ. ಟರ್ಕಿ-ಇರಾನಿನ ಬೆಜೋರ್ ಆಡು ನಮ್ಮ ಕೊಟ್ಟಿಗೆಯ ಆಡಿನ ಮೂಲ. ಅದರ ಕೊಂಬಿನ ಮುಂಬದಿ ಚಪ್ಪಟೆಯಾಗಿರದೆ ಕತ್ತಿಯ ಅಂಚಿನಂತೆ ಚೂಪಾಗಿರುತ್ತದೆ.

ನೀಲಗಿರಿ ಥಾರ್‌ಗೆ ಬ್ರಿಟಿಷ್ ಶಿಕಾರಿಗಳು ಐಬೆಕ್ಸ್ ಎಂದೇ ಹೆಸರಿಟ್ಟಿದ್ದರು. ಆದರೆ ಅದು ಐಬೆಕ್ಸ್ ಅಲ್ಲ. 2005ರಲ್ಲಿ ಅದನ್ನು ಬೇರೆ ಕುಲಕ್ಕೇ ಸೇರಿಸಿದರು, ಅದಕ್ಕೆ ಆಡಿಗಿಂತ ಕುರಿಯ ನಂಟು ಹತ್ತಿರ. ಹಿಮಾಲಯಕ್ಕೆ ಹೋಗಲು ಆರೋಗ್ಯ ಒಪ್ಪದವರು ಮುನ್ನಾರ್ ಹತ್ತಿರದ ಎರವಿಕುಳಂಗೆ ಹೋಗಿ ಇದನ್ನು ಕಣ್ತುಂಬ ನೋಡಬಹುದು. ಮರಿ ಹಾಕುವ ಕಾಲವೆಂದು ಸಾಮಾನ್ಯವಾಗಿ ಫೆಬ್ರವರಿ-ಮಾರ್ಚಿನಲ್ಲಿ ಉದ್ಯಾನ ಮುಚ್ಚಿರುತ್ತದೆ, ತಿಂಗಳು ನೋಡಿಕೊಂಡು ಹೊರಡಿ.

ಎಂಟು ವಾರ ಮೊದಲು: ನಮ್ಮ ಗುಡ್ಡಗಳಲ್ಲಿ ತಾಲೀಮು

ಕಾಲಿಗೆ: ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಸಾಕು. ವಾರಕ್ಕೆ ನಾಲ್ಕು ದಿನ, 6ರಿಂದ 8 ಕಿಲೋ ಚೀಲ ಹೊತ್ತು ಒಂದು ತಾಸು ಹತ್ತಿ ಇಳಿಯಿರಿ. ಇಳಿಯುವುದನ್ನು ತಪ್ಪಿಸಬೇಡಿ. ಪರ್ವತದಲ್ಲಿ ಮೊಣಕಾಲು ನೋಯುವುದು ಇಳಿಯುವಾಗಲೇ.

ಕಣ್ಣಿಗೆ: ಕಪ್ಪತಗುಡ್ಡಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಅದು 2019ರಿಂದ ವನ್ಯಜೀವಿಧಾಮ, ಒಳಗೆ ಹೋಗಲು ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಹೋಗಿ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತುವ ಭಯ ಇರುವುದರಿಂದ ಬೀಡಿ-ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ. ಸುತ್ತಲಿನ ಮಾಳಗಳಲ್ಲಿ ಆಡು-ಕುರಿ ಮೇಯಿಸುವವರು ಇದ್ದೇ ಇರುತ್ತಾರೆ. ಅಭ್ಯಾಸ ಹೀಗೆ:

1. ಬೆಳಿಗ್ಗೆ 6ಕ್ಕೆ, ಸೂರ್ಯನಿಗೆ ಬೆನ್ನು ಮಾಡಿ, ಒಂದು ಕಿಲೋಮೀಟರ್ ಆಚೆಯ ಇಳಿಜಾರು ಕಾಣುವಂತೆ ಕೂಡಿರಿ. 8x42 ಅಥವಾ 10x42 ದುರ್ಬೀನು (8 ಇಲ್ಲವೇ 10 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮುಂಗಾಜಿನದು) ಇರಲಿ. ಅದಕ್ಕಿಂತ ಹೆಚ್ಚಿನ ಶಕ್ತಿಯದು ಕೈಯಲ್ಲಿ ಹಿಡಿದರೆ ನಡುಗುತ್ತದೆ.

2. ಮೊಣಕೈಗಳನ್ನು ಮೊಣಕಾಲಿಗೆ ಊರಿ. ಗುಡ್ಡವನ್ನು ಹೊಲದ ಸಾಲಿನಂತೆ ಅಡ್ಡಪಟ್ಟಿಗಳಾಗಿ ಮನಸ್ಸಿನಲ್ಲೇ ಕತ್ತರಿಸಿಕೊಳ್ಳಿ. ಒಂದು ನೋಟವನ್ನು ನಾಲ್ಕೈದು ಸೆಕೆಂಡು ಅಲುಗಾಡದಂತೆ ನಿಲ್ಲಿಸಿ, ಕಣ್ಣನ್ನು ಆ ವೃತ್ತದೊಳಗೆ ತಿರುಗಿಸಿ, ಆಮೇಲೆ ಪಕ್ಕಕ್ಕೆ ಸರಿಸಿ. ದುರ್ಬೀನನ್ನು ಸುಮ್ಮನೆ ಸರಸರ ಓಡಿಸಿದರೆ ಓಡುವ ಪ್ರಾಣಿ ಬಿಟ್ಟು ಇನ್ನೇನೂ ಕಾಣದು.

3. ಕಂಡ ಹಿಂಡಿನಲ್ಲಿ ಹೋತ ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು ಎಂದು ಮೂರು ಸಲ ಎಣಿಸಿ ಬರೆಯಿರಿ. ನಂತರ ಹೋಗಿ ಮೇಯಿಸುವವರನ್ನೇ ಕೇಳಿ. ಅವರ ಲೆಕ್ಕ ಎಂದೂ ತಪ್ಪುವುದಿಲ್ಲ. ನಿಮ್ಮದು ಮೊದಲ ದಿನ ತಪ್ಪೇ ತಪ್ಪುತ್ತದೆ, ಬಂಡೆಯ ಹಿಂದೆ ಮಲಗಿದ್ದವು, ತಾಯಿಯ ಮರೆಯಲ್ಲಿದ್ದ ಮರಿಗಳು ಬಿಟ್ಟುಹೋಗಿರುತ್ತವೆ. ಲೆಕ್ಕ ಹೊಂದುವವರೆಗೆ ಈ ಅಭ್ಯಾಸ ಬಿಡಬೇಡಿ.

ಗಾಳಿಯ ಪಾಠವೂ ಇಲ್ಲೇ ಸಿಗುತ್ತದೆ. ಗುಡ್ಡದ ಏಣಿನ, ಅಂದರೆ ನೆತ್ತಿಯ ಉದ್ದನೆಯ ಅಂಚಿನ ಮೇಲಿನ ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ ನೋಡಿ. ಆಮೇಲೆ ಕೊಳ್ಳದೊಳಗೆ ಇಳಿದು ಒಂದು ಚಿಟಿಕೆ ವಿಭೂತಿ ಹಾರಿಸಿ. ಎಷ್ಟೋ ಸಲ ಎರಡೂ ಬೇರೆ ಬೇರೆ ದಿಕ್ಕು ತೋರುತ್ತವೆ. ಏಣಿನ ಗಾಳಿ ನಂಬಿ ಕೊಳ್ಳದಲ್ಲಿ ಪ್ರಾಣಿಯ ಹತ್ತಿರ ಹೋದವರಿಗೆ ಅದು ಸಿಗದಿರುವುದು ಇದಕ್ಕೇ. ವಿಭೂತಿಯ ಸಣ್ಣ ಡಬ್ಬಿ ಸ್ಪಿತಿಗೂ ಜೊತೆಗಿರಲಿ.

ದೂರ ಅಂದಾಜು ಮಾಡಲು ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮ ಒಳ್ಳೆಯದು. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿಲೋಮೀಟರಿನ ಜಾಗ. ಚಿಗರಿ ತಲೆ ಎತ್ತಿ ನೋಡುವುದು ಎಷ್ಟು ದೂರದಲ್ಲಿ, ಹೆಜ್ಜೆ ಕದಲಿಸುವುದು ಎಷ್ಟು ದೂರದಲ್ಲಿ, ಓಡುವುದು ಎಷ್ಟು ದೂರದಲ್ಲಿ ಎಂದು ದಾರಿಯಿಂದ ಇಳಿಯದೆ ಗಮನಿಸಿ. ಈ ಮೂರು ಗಡಿಗಳು ಐಬೆಕ್ಸಿಗೂ ಇವೆ. ಮೊದಲನೆಯದನ್ನು ಕಂಡ ಕೂಡಲೇ ನಿಲ್ಲುವುದು ಅಭ್ಯಾಸವಾದರೆ ಅರ್ಧ ಕೆಲಸ ಆದಂತೆ.

ಯಾವಾಗ, ಯಾವ ದಾರಿ

ಮೊದಲ ಸಲದವರಿಗೆ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಒಳ್ಳೆಯದು. ಹಿಮ ಕರಗಿದ ಕೆಳಗಿನ ಇಳಿಜಾರಿನಲ್ಲಿ ಹೊಸ ಹುಲ್ಲು ಚಿಗುರಿ, ಹಿಂಡುಗಳು ಅದಕ್ಕೆ ಇಳಿಯುತ್ತವೆ. ಚಳಿ ತಡೆಯಬಲ್ಲವರು ನವೆಂಬರ್ ಕೊನೆಯಿಂದ ಡಿಸೆಂಬರಿನಲ್ಲಿ ಹೋಗಲಿ. ಬೆದೆ ಕಾಲವಾದ್ದರಿಂದ ಬೇಸಿಗೆಯಲ್ಲಿ ಬೇರೆಯಿದ್ದ ಹೋತಗಳು ಹೆಣ್ಣುಹಿಂಡಿಗೆ ಸೇರಿರುತ್ತವೆ, ಕೊಂಬು ಕೊಂಬಿಗೆ ಬಡಿಯುವ ಸದ್ದು ಕೊಳ್ಳದಾಚೆಗೂ ಕೇಳುತ್ತದೆ. ಗರ್ಭ ಸುಮಾರು 170-180 ದಿನ, ಮರಿ ಹಾಕುವುದು ಮೇ ಕೊನೆ, ಜೂನ್ ಹೊತ್ತಿಗೆ. ಆಗ ಹೆಣ್ಣುಗಳ ಹತ್ತಿರ ಸುಳಿಯಲೇಬಾರದು. ಜುಲೈ-ಆಗಸ್ಟಿನಲ್ಲಿ ಹಿಂಡುಗಳು ತೀರ ಮೇಲೇರುತ್ತವೆ, ಹೊಸಬರಿಗೆ ಕಷ್ಟ.

ಸ್ಪಿತಿಗೆ ಮನಾಲಿ ದಾರಿ ಹತ್ತಿರವೇನೋ ಹೌದು, ಆದರೆ ಆ ದಾರಿ ಬೆಟ್ಟ ದಾಟುವ ಕುಂಜುಮ್ ಪಾಸ್ ಚಳಿಗಾಲವಿಡೀ ಹಿಮದಲ್ಲಿ ಮುಚ್ಚಿರುತ್ತದೆ. ತೆರೆದಿದ್ದರೂ ಆ ದಾರಿ ಒಮ್ಮೆಲೇ ಎತ್ತರಕ್ಕೆ ಒಯ್ಯುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 700 ಮೀಟರಿಗೂ ಕಡಿಮೆ, ಸ್ಪಿತಿಯಲ್ಲಿ ಐಬೆಕ್ಸ್ ನೋಡಲು ಹೋಗುವ ಕಿಬ್ಬರ್ ಊರು 4,200 ಮೀಟರ್. ಶಿಮ್ಲಾ-ಕಿನ್ನೌರ್ ದಾರಿಯಿಂದಲೇ ಹೋಗಿ: ಶಿಮ್ಲಾದಲ್ಲಿ ಒಂದು ರಾತ್ರಿ (2,200 ಮೀ.), ಕಲ್ಪಾದಲ್ಲಿ ಒಂದು ರಾತ್ರಿ (ಸುಮಾರು 2,900 ಮೀ.), ತಾಬೋದಲ್ಲಿ ಒಂದು ರಾತ್ರಿ (3,280 ಮೀ.), ಕಾಜಾದಲ್ಲಿ ಎರಡು ರಾತ್ರಿ (ಸುಮಾರು 3,700 ಮೀ.), ಆಮೇಲೆ ಕಿಬ್ಬರ್. ಎತ್ತರ ಒಗ್ಗದವರಿಗೆ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಪಿನ್ ಕಣಿವೆಯ ಮುದ್ ಊರು ಹಿತ, ಸುಮಾರು 3,800 ಮೀಟರಿನಲ್ಲೇ ಐಬೆಕ್ಸ್ ನಾಡಿದೆ. ಲಡಾಖಿಗೆ ಹೋಗುವವರು ಉಲ್ಲೇ ಊರು ನೋಡಿ. ವಿಮಾನದಲ್ಲಿ ನೇರ ಲೇಹ್‌ಗೆ ಇಳಿದರೆ ಮೊದಲ ಎರಡು ದಿನ ಹಾಸಿಗೆ ಬಿಟ್ಟು ಹೆಚ್ಚು ಏಳಬೇಡಿ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಎತ್ತರದ ತೊಂದರೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಬೇಡವೇ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಸಲ್ಫಾ ಔಷಧಿ ಆಗಿಬರದಿದ್ದರೆ ಅದನ್ನೂ ಹೇಳಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮುಂದೆ ಏರಬೇಡಿ. ಕೂತಲ್ಲೇ ಏದುಸಿರು ಬಂದರೆ, ಒಂದರ ಮುಂದೊಂದು ಪಾದ ಇಟ್ಟು ನೇರ ನಡೆಯಲು ಆಗದಿದ್ದರೆ, ಅದು ನಡುರಾತ್ರಿಯಾದರೂ ಸರಿ, ಕೆಳಗಿಳಿಯಬೇಕು. ಬೆಳಗಾಗಲಿ ಎಂದು ಕಾಯುವುದರಿಂದಲೇ ಜೀವ ಹೋಗುತ್ತದೆ.

ಚೀಲದಲ್ಲಿ ಏನು

ಹತ್ತಿ ಬಟ್ಟೆ ಬೆವರು ಹಿಡಿದು ಮೈ ಕೊರೆಯುತ್ತದೆ, ಒಳಪದರಕ್ಕೆ ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಹೊರ ಜಾಕೆಟ್ ಮಣ್ಣಿನ ಬಣ್ಣದ್ದಾಗಿ, ನಡೆದಾಗ ಸರ್ ಸರ್ ಎನ್ನದಂತಿರಲಿ. ತಾಸುಗಟ್ಟಲೆ ಕಲ್ಲಿನ ಮೇಲೆ ಕೂಡಲು ಮೆಡ್ಲೇರಿ ಕಂಬಳಿಯ ಒಂದು ತುಂಡು ನಾಲ್ಕು ಮಡಿಕೆ ಮಾಡಿ ಒಯ್ಯಿರಿ, ತೇವವಾದರೂ ಬೆಚ್ಚಗಿರುತ್ತದೆ. ಉಣ್ಣಲು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಶೇಂಗಾ ಉಂಡಿ ಕಟ್ಟಿಕೊಳ್ಳಿ. ನೀರಿನಂಶ ಇಲ್ಲದ್ದರಿಂದ ಹೆಪ್ಪುಗಟ್ಟುವುದಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಪ್ಲಾಸ್ಟಿಕ್ ಬೇಡ, ಬಟ್ಟೆಯಲ್ಲಿ ಸುತ್ತಿ. ರೊಟ್ಟಿಯನ್ನು ಬೆಳಿಗ್ಗೆಯೇ ಮುರಿದಿಟ್ಟುಕೊಳ್ಳಿ, ಶಾಂತ ಕೊಳ್ಳದಲ್ಲಿ ಖಡಕ್ ರೊಟ್ಟಿ ಮುರಿದ ಸದ್ದು ದೂರ ಹೋಗುತ್ತದೆ.

20-60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನಲ್ಲಿ ನೋಡುವ ದೂರದರ್ಶಕ) ಇದ್ದರೆ ಗಟ್ಟಿ ಟ್ರೈಪಾಡ್ ಬೇಕೇ ಬೇಕು. ಸ್ಕೋಪ್ ಇಲ್ಲದವರು ದುರ್ಬೀನನ್ನೇ ಟ್ರೈಪಾಡಿಗೆ ಕಟ್ಟಿ ನೋಡಲಿ, ಎಷ್ಟು ಹೆಚ್ಚು ಕಾಣುತ್ತದೆಂದು ಮೊದಲ ದಿನವೇ ತಿಳಿಯುತ್ತದೆ. ಕ್ಯಾಮೆರಾ ಬ್ಯಾಟರಿಗಳು ಚಳಿಗೆ ಬೇಗ ಸೋಲುತ್ತವೆ, ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳಿ.

ಗುಡ್ಡದಲ್ಲಿ ಹುಡುಕುವ ಕ್ರಮ

ಊರಿನ ಗೈಡ್ ಇಲ್ಲದೆ ಹೊರಡಬೇಡಿ. ನಿನ್ನೆ ಹಿಂಡು ಎಲ್ಲಿತ್ತು ಎಂದು ಅವರಿಗೆ ಗೊತ್ತಿರುತ್ತದೆ, ಹಿಮ ಎಲ್ಲಿ ಜಾರುತ್ತದೆ ಎಂದೂ ಗೊತ್ತಿರುತ್ತದೆ.

ಐಬೆಕ್ಸ್ ಬೆಳಿಗ್ಗೆ ಮತ್ತು ಸಂಜೆ ಮೇಯುತ್ತದೆ, ಮಧ್ಯಾಹ್ನ ಬಂಡೆಯ ಅಂಚಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕಡಿದಾದ ಬಂಡೆ ಬಿಟ್ಟು ದೂರ ಹೋಗುವುದಿಲ್ಲ, ಅಪಾಯ ಬಂದರೆ ಓಡಿ ಏರಲು ಅದೇ ಆಸರೆ. ಆದ್ದರಿಂದ ಬರೀ ಬಂಡೆಯನ್ನಾಗಲೀ ಬರೀ ಹುಲ್ಲನ್ನಾಗಲೀ ನೋಡುತ್ತ ಕೂಡಬೇಡಿ. ಹುಲ್ಲು ಬಂಡೆಗೆ ಕೂಡುವ ಅಂಚನ್ನು ಹಿಡಿದು ನೋಡಿ. ಚಳಿಗಾಲದಲ್ಲಿ ಬಿಸಿಲು ಬೀಳುವ ದಕ್ಷಿಣದ ಮೈ ಮೊದಲು ನೋಡಿ, ಹಿಮ ಬೇಗ ಕರಗಿ ಮೇವು ಅಲ್ಲೇ ಕಾಣುತ್ತದೆ.

ಇಡೀ ಪ್ರಾಣಿಯನ್ನು ಹುಡುಕಬೇಡಿ. ಲಂಬ ಬಂಡೆಗಳ ನಡುವೆ ಅಡ್ಡಗೆರೆಯಂತೆ ಬೆನ್ನು, ಆಕಾಶಕ್ಕೆ ಚಾಚಿದ ಕೊಂಬಿನ ಬಾಗು, ಕಲ್ಲಿನ ಮೇಲೆ ಮಾಸಲು ಹೊಟ್ಟೆ, ಒಮ್ಮೆ ಅಲುಗಿದ ಕಿವಿ: ಇಷ್ಟರಲ್ಲಿ ಒಂದು ಕಂಡರೆ ಅಲ್ಲೇ ನಿಲ್ಲಿ. ಒಂದು ಸಿಕ್ಕರೆ ಸುತ್ತ ಇನ್ನೂ ಹತ್ತು ಇರಬಹುದು. ಏನೂ ಕಾಣದಿದ್ದರೆ ಜಾಗ ಬದಲಿಸುವ ಅವಸರ ಬೇಡ. ಇಪ್ಪತ್ತು ನಿಮಿಷ ಬಿಟ್ಟು ಅದೇ ಇಳಿಜಾರನ್ನು ಮತ್ತೆ ನೋಡಿ. ನೆರಳು ಸರಿದಿರುತ್ತದೆ, ಮಲಗಿದ್ದು ಎದ್ದಿರುತ್ತದೆ. ನೆಲದಲ್ಲಿ ಹಿಕ್ಕೆ ಸಿಕ್ಕರೆ ನೋಡಿ, ಹೊಳೆಯುತ್ತ ಹಸಿಯಾಗಿದ್ದರೆ ಹಿಂಡು ಹತ್ತಿರದಲ್ಲೇ ಇದೆ. ಬಿಳಿಚಿ ಒಣಗಿದ್ದರೆ ಹಳೆಯದು.

ಕಂಡದ್ದೆಲ್ಲ ಐಬೆಕ್ಸ್ ಅಲ್ಲ. ಕಿಬ್ಬರ್ ಕಡೆ ಭರಲ್ ಎಂಬ ನೀಲಿ ಕುರಿಯೂ ಹೇರಳ. ಅದರ ಕೊಂಬು ನುಣುಪು, ಹೊರಕ್ಕೆ ಬಾಗಿ ಹಿಂದಕ್ಕೆ ಹೋಗುತ್ತದೆ, ಗಡ್ಡವಿಲ್ಲ, ಗಂಡಿನ ಪಕ್ಕೆಯಲ್ಲೂ ಕಾಲಿನಲ್ಲೂ ಕಪ್ಪು ಪಟ್ಟೆ. ಹೆಣ್ಣುಗಳಲ್ಲಿ ಗೊಂದಲ ಹೆಚ್ಚು, ಹಿಂಡಿನಲ್ಲಿರುವ ಗಂಡನ್ನು ನೋಡಿ ತೀರ್ಮಾನಿಸಿ.

ಹತ್ತಿರ ಹೋಗುವುದು

ಬೆಳಗಿನ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬಿಸಿಲು ಏರಿದ ಮೇಲೆ ಕಾದ ಗಾಳಿ ಮೇಲಕ್ಕೆ ಏರುತ್ತದೆ. ಈ ಬದಲಾಗುವ ಹೊತ್ತಿನಲ್ಲಿ, ಸುಮಾರು 9ರಿಂದ 10ರ ನಡುವೆ, ಗಾಳಿ ಎತ್ತ ಬೇಕಾದರೂ ಸುತ್ತುತ್ತದೆ. ಆಗ ಕದಲದೆ ಕೂಡುವುದೇ ಜಾಣತನ. ಐಬೆಕ್ಸ್ ಅಪಾಯವನ್ನು ಕೆಳಗಿನಿಂದಲೇ ನಿರೀಕ್ಷಿಸುತ್ತದೆ, ಹಾಗಾಗಿ ಬೇಟೆಗಾರರು ಬಿಸಿಲು ಏರಿದ ಮೇಲೆ ಮೇಲಿನಿಂದ ಸುತ್ತಿ ಬರುತ್ತಾರೆ. ನೋಡಲು ಬಂದ ನೀವು ಹಾಗೆ ಮಾಡಬೇಡಿ. ಮೇಲಿನ ದಾರಿಯೇ ಅದರ ಆಸರೆ, ಅದನ್ನು ಕಟ್ಟಿಹಾಕಿದರೆ ಹಿಂಡು ಹೆದರಿ ಸಡಿಲಗಲ್ಲಿನ ಜಾರಿಗೆ ಇಳಿಯುತ್ತದೆ, ಮರಿಗಳು ಬೀಳುತ್ತವೆ. ಎದುರು ಮೈಯಲ್ಲಿ, ಕೊಳ್ಳದ ಈಚೆಗೆ, ಕಾಣುವಂತೆಯೇ ಕೂಡಿರಿ. 100 ಮೀಟರಿಗಿಂತ ಹತ್ತಿರ ಹೋಗಬೇಡಿ.

ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಒಂದು, ಏಣಿನ ಮೇಲೆ ನೆಟ್ಟಗೆ ನಿಲ್ಲುವುದು. ಆಕಾಶದ ಎದುರು ಮನುಷ್ಯಾಕೃತಿ ಕಿಲೋಮೀಟರ್ ದೂರಕ್ಕೂ ಕಾಣುತ್ತದೆ. ಇನ್ನೊಂದು, ನೇರ ಪ್ರಾಣಿಯತ್ತ ದಿಟ್ಟಿಸುತ್ತ ನಡೆಯುವುದು. ಓರೆಯಾಗಿ, ಎಲ್ಲಿಗೋ ಹೊರಟವರಂತೆ ನಡೆಯಿರಿ. ಒಂದು ಐಬೆಕ್ಸ್ ಕಾಲು ನೆಲಕ್ಕೆ ಬಡಿದರೆ ಅಥವಾ ಸಿಳ್ಳೆಯಂತೆ ಕೂಗಿದರೆ ಅಲ್ಲೇ ಕುಳಿತುಬಿಡಿ. ಚಳಿಗಾಲದಲ್ಲಿ ಒಮ್ಮೆ ಬೆದರಿ ಓಡಿದರೆ ಅದು ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ, ಮರಳಿ ಗಳಿಸಲು ಮೇವು ಇರುವುದಿಲ್ಲ. ಹಿಂಡಿನ ನೇರ ಕೆಳಗೂ ನಿಲ್ಲಬೇಡಿ, ಅವುಗಳ ಗೊರಸಿಗೆ ಕಲ್ಲು ಉರುಳುತ್ತಲೇ ಇರುತ್ತವೆ.

ಫೋಟೋಕ್ಕೆ 400ರಿಂದ 600 ಮಿ.ಮೀ. ಲೆನ್ಸ್ ಸಾಕು. ಹಿಮದಲ್ಲಿ ಕ್ಯಾಮೆರಾ ತಾನಾಗಿ ಚಿತ್ರವನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಷರ್ 1 ಸ್ಟಾಪ್ ಹೆಚ್ಚಿಸಿ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ದೂರದ ಚಿತ್ರ ನಡುಗುತ್ತದೆ, ಎಂಥ ಲೆನ್ಸೂ ಅದನ್ನು ಸರಿಪಡಿಸದು. ಸಂಜೆ ಬೆಚ್ಚಗಿನ ಕೋಣೆಗೆ ಬರುವ ಮೊದಲೇ ಕ್ಯಾಮೆರಾವನ್ನು ಚೀಲದಲ್ಲಿ ಮುಚ್ಚಿ, ಎರಡು ತಾಸು ತೆರೆಯಬೇಡಿ. ಇಲ್ಲದಿದ್ದರೆ ಲೆನ್ಸಿನೊಳಗೆ ಹನಿ ಕಟ್ಟುತ್ತದೆ.

ಕೊಂಬು ಓದುವುದು

ನಮ್ಮ ಕಡೆ ಆಡಿನ ವಯಸ್ಸನ್ನು ಬಾಯಿ ಬಿಡಿಸಿ ಎರಡಲ್ಲು, ನಾಲ್ಕಲ್ಲು ಎಂದು ಹೇಳುತ್ತಾರೆ. ಐಬೆಕ್ಸಿನಲ್ಲಿ ಕೊಂಬೇ ಹಲ್ಲು. ಜಿಂಕೆಯ ಕೊಂಬಿನಂತೆ ಇದು ಉದುರುವುದಿಲ್ಲ, ಬದುಕಿರುವವರೆಗೂ ಬುಡದಿಂದ ಬೆಳೆಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಂತು ಕೊಂಬಿನ ಸುತ್ತ ಒಂದು ಆಳವಾದ ಗೆರೆ ಬೀಳುತ್ತದೆ. ಮುಂಬದಿಯ ಗಂಟುಗಳನ್ನು ಎಣಿಸಿ ವಯಸ್ಸು ಹೇಳುವುದು ಹೊಸಬರ ತಪ್ಪು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಗಂಟು ಬರುತ್ತವೆ. ಪಕ್ಕದಿಂದ ಅಥವಾ ಹಿಂಬದಿಯಿಂದ, ತುದಿಯಿಂದ ಬುಡದ ಕಡೆಗೆ ಆಳದ ಗೆರೆಗಳನ್ನು ಎಣಿಸಿ. ಮೊದಲ ವರ್ಷದ ಗೆರೆ ಸವೆದು ಮಸುಕಾಗಿರುತ್ತದೆ, ಒಂದು ವರ್ಷ ಹೆಚ್ಚು-ಕಡಿಮೆ ಆಗುವುದು ಸಹಜ. ಎಳೆಯ ವರ್ಷಗಳ ಅಂತರ ಅಗಲ. ವಯಸ್ಸಾದಂತೆ ಗೆರೆಗಳು ಬುಡದಲ್ಲಿ ಒತ್ತೊತ್ತಾಗುತ್ತವೆ, ಅಲ್ಲಿ ಸ್ಕೋಪ್ ಬೇಕು.

ಎರಡು ವರ್ಷದ ಹೋತವನ್ನು ಹೆಣ್ಣೆಂದು ಬರೆಯುವುದು ತುಂಬ ಸಾಮಾನ್ಯ. ಉದ್ದ ನೋಡಬೇಡಿ, ಬುಡ ನೋಡಿ. ಹೋತದ ಎರಡು ಕೊಂಬಿನ ಬುಡ ದಪ್ಪವಾಗಿ ಹಣೆಯ ಮೇಲೆ ಹೆಚ್ಚುಕಡಿಮೆ ಕೂಡಿರುತ್ತವೆ, ಹೆಣ್ಣಿನವು ತೆಳ್ಳಗಿದ್ದು ನಡುವೆ ಸಂದು ಕಾಣುತ್ತದೆ.

ಇಬ್ಬರಿದ್ದರೆ ಸ್ಪಿತಿ-ಲಡಾಖಿನ ಗಣತಿಯವರು ಮಾಡುವಂತೆ ಎಣಿಸಿ. ಒಬ್ಬರು ಮುಂದೆ ಹೋಗಲಿ, ಇನ್ನೊಬ್ಬರು 15-20 ನಿಮಿಷ ಬಿಟ್ಟು ಅದೇ ದಾರಿ ಹಿಡಿಯಲಿ. ಮಾತಾಡಿಕೊಳ್ಳದೆ, ಕಂಡ ಪ್ರತಿ ಹಿಂಡಿನ ಹೊತ್ತು, ಜಾಗ, ಹೋತ, ಹೆಣ್ಣು, ಮರಿಗಳ ಸಂಖ್ಯೆ ಬರೆಯಿರಿ. ಸಂಜೆ ಎರಡೂ ವಹಿ ಎದುರಿಟ್ಟು ಹೋಲಿಸಿ: ಇಬ್ಬರಿಗೂ ಕಂಡ ಹಿಂಡು ಎಷ್ಟು, ಒಬ್ಬರಿಗೇ ಕಂಡದ್ದು ಎಷ್ಟು. ಇಬ್ಬರಿಗೂ ಕಂಡವು ಕಡಿಮೆ ಇದ್ದಷ್ಟೂ ಯಾರ ಕಣ್ಣಿಗೂ ಬೀಳದೆ ಉಳಿದವು ಹೆಚ್ಚು. ಆಗ ಮರುದಿನ ಅದೇ ಕೊಳ್ಳಕ್ಕೆ ಇನ್ನೂ ಬೇಗ ಹೋಗಿ, ಅರ್ಧ ವೇಗದಲ್ಲಿ ನಡೆಯಿರಿ.